ಜವಾನ ‘ಹೋಗಲ್ಲ’ ಅಂದರೆ: ಹೊಸ ಸೆಕ್ಷನ್ ಕಮಾಂಡರ್ ಏನು ಮಾಡಬೇಕು

ತೋಳಿಗೆ ಎರಡು ಪಟ್ಟಿ ಬಂದು ನಾಯಕ್ ಆದ ಹೊಸತರಲ್ಲಿ ಸೆಕ್ಷನ್, ಅಂದರೆ ಸೇನೆಯ ಸಣ್ಣ ತುಕಡಿ, ನಡೆಸುವುದು ಸುಲಭ ಅಲ್ಲ. ನಿನ್ನೆವರೆಗೆ ಪಕ್ಕದ ಚಾರ್‌ಪಾಯಿಯಲ್ಲಿ ಮಲಗುತ್ತಿದ್ದವನಿಗೇ ಇವತ್ತು ಹುಕುಂ ಕೊಡಬೇಕು. ಅವನು ಎಲ್ಲರೆದುರು ‘ನಾನು ಹೋಗಲ್ಲ’ ಅಂದುಬಿಟ್ಟರೆ ಏನು ಮಾಡಬೇಕು? ಅವನು ಹಾಗೆ ಅಂದ ಮೇಲೆ ನಾಯಕ್ ಬಾಯಿಂದ ಬರುವ ಮಾತಲ್ಲೇ ಎಷ್ಟೋ ಪ್ರಕರಣಗಳು ಹಾಳಾಗುತ್ತವೆ.

1. ಕೈಯಲ್ಲಿ ಏನಿದೆ ನೋಡಿ

ಅವನ ಹತ್ತಿರ ರೈಫಲ್ ಇದ್ದರೆ ವಾದ ಅಲ್ಲಿಗೇ ನಿಲ್ಲಿಸಿ. ಮಾಮೂಲಿ ದನಿಯಲ್ಲಿ ಆಯುಧ ಕೋತ್‌ನಲ್ಲಿ (ಶಸ್ತ್ರಾಗಾರದಲ್ಲಿ) ಜಮಾ ಮಾಡಿಸಿ, ಪ್ಲಟೂನ್ ಸಾಹೇಬರಿಗೆ (ಪ್ಲಟೂನ್ ನಡೆಸುವ ನಿಮ್ಮ ಮೇಲಿನವರಿಗೆ) ತಕ್ಷಣ ತಿಳಿಸಿ. ಕುಡಿದಿದ್ದರೂ ಮಾತಿಗಿಳಿಯಬೇಡಿ, ಮುಟ್ಟಲೂ ಬೇಡಿ. ಅವನ ಸಮಾನ ದರ್ಜೆಯ ಇಬ್ಬರ ಕೈಲಿ ಆಚೆ ಕರೆಸಿ. ಕುಡಿದದ್ದೇ ಬೇರೆ ಅಪರಾಧ. ಅದರ ಜೊತೆ ನಿಮ್ಮ ಜಗಳವೂ ಸೇರಿದರೆ ಎರಡೂ ಗೊಂದಲವಾಗುತ್ತವೆ.

2. ಹುಕುಂ ಇನ್ನೊಮ್ಮೆ, ಸರಿಯಾಗಿ ಕೊಡಿ

ಎಲ್ಲರೂ ಎಡವುವುದು ಇಲ್ಲೇ. ‘ಹೋಗ್ತೀಯೋ ಇಲ್ವೋ?’ ಅಂತ ಕೇಳಿದರೆ ಅದು ಪ್ರಶ್ನೆ. ‘ಇಲ್ಲ’ ಅನ್ನೋದು ಅದಕ್ಕೆ ಸರಿಯಾದ ಉತ್ತರವೇ ಆಯಿತಲ್ವಾ! ‘ಸ್ವಲ್ಪ ಆ ಕಡೆ ನೋಡ್ಕೋ’ ಅಂದರೂ ಅದು ಹುಕುಂ ಆಗುವುದಿಲ್ಲ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಕೇಳುವುದು ಕಾನೂನುಬದ್ಧ ಆದೇಶ. ಅದರಲ್ಲೂ ಮೇಲಿನವನು ಕರ್ತವ್ಯದ ಮೇಲಿದ್ದು ತಾನೇ ಖುದ್ದಾಗಿ ಕೊಟ್ಟ ಆದೇಶವನ್ನು ಬೇಕಂತಲೇ ಧಿಕ್ಕರಿಸಿದರೆ ಕೋರ್ಟ್ ಮಾರ್ಷಲ್‌ನಲ್ಲಿ 14 ವರ್ಷದವರೆಗೆ ಜೈಲು ಆಗಬಹುದು. ಈ ಕಾಯ್ದೆಯ ಲೆಕ್ಕದಲ್ಲಿ ನಾಯಕ್, ಹವಾಲ್ದಾರ್ ಕೂಡ ‘ಮೇಲಧಿಕಾರಿ’ಗಳೇ. ಅಷ್ಟು ದೊಡ್ಡ ಮಾತನ್ನು ಅಷ್ಟೇ ಜವಾಬ್ದಾರಿಯಿಂದ ಆಡಬೇಕು.

ಹೀಗೆ ಮಾಡಿ. ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಅವನು ತಳ್ಳುತ್ತಾನೆ, ಇಲ್ಲವೇ ನೀವು ತಳ್ಳುತ್ತೀರಿ. ಅವನನ್ನು ಸಾವಧಾನ್‌ಗೆ (ನೆಟ್ಟಗೆ ನಿಲ್ಲುವ ಭಂಗಿಗೆ) ತನ್ನಿ. ಅವನ ದರ್ಜೆ, ಹೆಸರು ಹೇಳಿ ಕರೆಯಿರಿ. ಆಮೇಲೆ ಏನು ಕೆಲಸ, ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದನ್ನು ಒಂದೇ ಉಸಿರಲ್ಲಿ ಹೇಳಿ: ‘6 ಗಂಟೆಗೆ 3ನೇ ಪೋಸ್ಟ್‌ನಲ್ಲಿ ಸಂತ್ರಿ ಡ್ಯೂಟಿ ನಿನ್ನದು. ಈಗಲೇ ಹೋಗಿ ತಯಾರಾಗು. ಇದು ನನ್ನ ಹುಕುಂ.’ ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಆ ಮೌನ ಸಹಿಸಲಾಗದೆ ಬೈಯುವವರೇ ಜಾಸ್ತಿ. ಕಾದರೆ ಎಷ್ಟೋ ಜನ ಗೊಣಗುತ್ತಲೇ ಬೆಲ್ಟ್ ಕಟ್ಟಿಕೊಂಡು ಹೊರಡುತ್ತಾರೆ. ಹೊರಟವನ ಗೊಣಗಾಟ ನಿಮ್ಮ ಕಿವಿಗೆ ಬೀಳಲೇ ಇಲ್ಲ ಅಂದುಕೊಳ್ಳಿ.

ಹುಕುಂ ಹಿಂದಿಯಲ್ಲೇ ಇರಲಿ. ಕೋಪ ಬಂದಾಗ ನಮ್ಮ ಬಾಯಿಗೆ ಕನ್ನಡ ಬರುವುದು ಸಹಜ. ಆದರೆ ಪಕ್ಕದಲ್ಲಿ ನಿಂತ ಪಂಜಾಬಿಗೋ ಗಢ್ವಾಲಿಗೋ ಅದು ಅರ್ಥವಾಗದಿದ್ದರೆ ನಿಮಗೆ ಸಾಕ್ಷಿ ಇಲ್ಲ ಅಂತಲೇ ಲೆಕ್ಕ. ಸಾಕ್ಷಿಗೆ ಒಬ್ಬ ಎನ್‌ಸಿಓ (ನಾಯಕ್, ಹವಾಲ್ದಾರ್‌ನಂಥವನು) ಇದ್ದರೆ ಸಾಕು, ಇಡೀ ಬ್ಯಾರಕ್ ಬೇಡ. ಉಳಿದವರನ್ನು ಕೆಲಸಕ್ಕೆ ಕಳಿಸಿ. ನೋಡುವವರು ಇದ್ದಷ್ಟೂ ಹೊತ್ತು ಹುಡುಗ ಹಟ ಬಿಡುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಬಟ್ಟೆ ಒಗೆ, ಟ್ರಂಕ್ ಹೊತ್ತು ಸ್ಟೇಷನ್‌ಗೆ ಬಾ ಅನ್ನುವುದು ಸೇವೆಯ ಕೆಲಸ ಅಲ್ಲ. ಅದಕ್ಕೆ ಅವನು ಒಲ್ಲೆ ಅಂದರೆ ಸುಮ್ನೆ ವಾಪಸ್ ಬನ್ನಿ.

3. ಕೈ ಎತ್ತಬೇಡಿ, ರಗಡಾ (ಮೈ ದಂಡಿಸುವ ಶಿಕ್ಷೆ) ಕೊಡಬೇಡಿ

ಮುರ್ಗಾ ಮಾಡಿಸುವುದು (ಬಗ್ಗಿಸಿ ಕಿವಿ ಹಿಡಿಸುವುದು), ಪಿಟ್ಠೂ (ಬೆನ್ನಿನ ಚೀಲ) ಹೊರಿಸಿ ಓಡಿಸುವುದು, ಒಬ್ಬನ ತಪ್ಪಿಗೆ ಇಡೀ ಸೆಕ್ಷನ್ನನ್ನು ಬಿಸಿಲಲ್ಲಿ ನಿಲ್ಲಿಸುವುದು, ಇವೆಲ್ಲ ಹಳೇ ಶಾರ್ಟ್‌ಕಟ್‌ಗಳು. ‘ನಮ್ಮ ಕಾಲದಲ್ಲಿ ನಡೀತಿತ್ತು’ ಅನ್ನುವವರ ಮಾತು ಕೇಳಬೇಡಿ. ಅದೇ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಕೈಕೆಳಗಿನವನನ್ನು ಹೊಡೆದರೆ, ಹಿಂಸಿಸಿದರೆ 7 ವರ್ಷದವರೆಗೆ ಜೈಲು. ಒಂದು ಏಟು ಕೊಟ್ಟ ಕ್ಷಣದಿಂದ ಆರೋಪಿ ನೀವೇ. ನಾಲ್ಕು ವರ್ಷದ ಅವಧಿಗೆ ಸೇರಿದ ಅಗ್ನಿವೀರರಿಗೆ ‘ನಾಲ್ಕು ವರ್ಷಕ್ಕೆ ಮನೆಗೆ ಹೋಗೋನು ನೀನು’ ಅಂತ ಚುಚ್ಚುವುದನ್ನೂ ಬಿಡಿ. ಅವರೂ ಇದೇ ಕಾಯ್ದೆಯ ಕೆಳಗೇ ಬರುತ್ತಾರೆ. ಆ ಮಾತಿನಿಂದ ಸೆಕ್ಷನ್ ಎರಡು ಹೋಳಾಗುತ್ತದೆ, ಅಷ್ಟೇ.

4. ಏಕಾಂತದಲ್ಲಿ ಕಾರಣ ಕೇಳಿ

ರಜೆ ತಿರಸ್ಕಾರವಾಗಿದೆಯಾ? ಮನೆಯಲ್ಲಿ ಜಮೀನಿನ ತಗಾದೆಯಾ? ಮೂರು ರಾತ್ರಿ ಸತತ ಗಾರ್ಡ್ ಬಿದ್ದಿದೆಯಾ? ರೋಸ್ಟರ್ ತೆಗೆದು ನೀವೇ ನೋಡಿ. ಹುಡುಗ ಹೇಳುವುದರಲ್ಲಿ ನಿಜ ಇದ್ದರೆ ರೋಸ್ಟರ್ ಸರಿಪಡಿಸಿ. ಮೊದಲ ಸಲದ ಬಾಯಿಚಪಲವಾದರೆ ಇಲ್ಲಿಗೇ ಮುಗಿಸುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಪೋಸ್ಟ್‌ಗೆ ಹೋಗಲೇ ಇಲ್ಲ, ಅಥವಾ ಬೆದರಿಕೆ ಹಾಕಿದ ಅಂದರೆ ಮುಚ್ಚಿಡಬೇಡಿ.

5. ಆಗಿದ್ದನ್ನು ಆಗಿದ್ದ ಹಾಗೇ ಬರೆಯಿರಿ

ಅವತ್ತೇ ಬರೆಯಿರಿ. ‘ಉದ್ಧಟತನ ತೋರಿಸಿದ’ ಅಂತ ಬರೆದರೆ ಏನೂ ಬರೆಯದ ಹಾಗೆ. ಎಷ್ಟು ಹೊತ್ತು, ಎಲ್ಲಿ, ನೀವು ಹೇಳಿದ ಮಾತು, ಅವನು ಆಡಿದ ಮಾತು, ಯಾರು ಕೇಳಿಸಿಕೊಂಡರು, ಎಲ್ಲ ಇರಲಿ. ಬೈಗುಳವನ್ನೂ ನಾಚಿಕೆಪಡದೆ ಅವನ ಬಾಯಿಂದ ಬಂದ ಹಾಗೇ ಬರೆಯಿರಿ, ಅವನ ಭಾಷೆಯಲ್ಲೇ. 40ನೇ ಸೆಕ್ಷನ್ ಅಡಿ ಉದ್ಧಟ ಮಾತಿಗೆ 5 ವರ್ಷದವರೆಗೆ ಶಿಕ್ಷೆ ಇದೆ. ಮಾತೇ ಕಾಗದದಲ್ಲಿಲ್ಲದಿದ್ದರೆ ಯಾವುದಕ್ಕೆ ಶಿಕ್ಷೆ ಕೊಡುವುದು? ವಾಟ್ಸಾಪ್‌ನಲ್ಲಿ ಓಡಾಡುವ ರೆಡಿಮೇಡ್ ರಿಪೋರ್ಟ್ ನಮೂನೆಗಳು ಶುದ್ಧ ಕಸ. ಯಾರದೋ ಘಟನೆ ಉಳಿದುಕೊಂಡಿರುತ್ತದೆ. ಬಿಳಿ ಹಾಳೆಯ ಮೇಲೆ ಜವಾನನ ಸಹಿ ತೆಗೆದುಕೊಳ್ಳುವುದಂತೂ ಬೇಡವೇ ಬೇಡ.

6. ಮೇಲೆ ಕಳಿಸಿ

ಪ್ಲಟೂನ್ ಸಾಹೇಬರು, ಸಿಎಚ್‌ಎಂ (ಕಂಪನಿ ಹವಾಲ್ದಾರ್ ಮೇಜರ್), ಕಂಪನಿ ಕಮಾಂಡರ್, ಈ ಸಾಲನ್ನು ಹಾರಬೇಡಿ. ಶಿಕ್ಷೆ ಕೊಡುವ ಅಧಿಕಾರ ನಾಯಕ್‌ಗೆ ಇಲ್ಲ. ಕಮಾಂಡಿಂಗ್ ಆಫೀಸರ್ (ಸಿಓ) 80ನೇ ಸೆಕ್ಷನ್‌ನಲ್ಲಿ 28 ದಿನದವರೆಗೆ ಸೇನಾ ಬಂಧನ ಕೊಡಬಹುದು, 14 ದಿನದವರೆಗಿನ ಸಂಬಳ ದಂಡ ಹಾಕಬಹುದು. ಸೇನಾ ನಿಯಮ 22ರಂತೆ ವಿಚಾರಣೆ ನಡೆದರೆ ಜವಾನ ಸಿಓ ಎದುರೇ ನಿಮ್ಮನ್ನು ಪಾಟಿಸವಾಲು ಮಾಡಬಹುದು. ಕೋಪ ಮಾಡಿಕೊಳ್ಳಬೇಡಿ. ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು, ಟೋಪಿ ಬೆಲ್ಟ್ ಸರಿಯಾಗಿ ಹಾಕಿಕೊಂಡು ಹೋಗಿ.

7. ಆಮೇಲೆ

ಶಿಕ್ಷೆ ಮುಗಿಸಿ ಬಂದವನನ್ನು ಮರುದಿನವೇ ಮಾಮೂಲಿ ರೋಸ್ಟರ್‌ಗೆ ಹಾಕಿ. ಎಲ್ಲರಿಗೂ ಬೀಳುವಷ್ಟೇ ಗಾರ್ಡ್, ಅಷ್ಟೇ ಫಟೀಗ್ (ಮೈಮುರಿಯುವ ಚಿಲ್ಲರೆ ಕೆಲಸ). ಅವನಿಗೊಂದೇ ಸತತ ರಾತ್ರಿ ಡ್ಯೂಟಿ ಬಿತ್ತೆಂದರೆ 26ನೇ ಸೆಕ್ಷನ್ ಅಡಿ ದೂರು ಕೊಡುವ ಹಕ್ಕು ಅವನಿಗಿದೆ. ಆಗ ಆ ರೋಸ್ಟರೇ ಅವನಿಗೆ ಸಾಕ್ಷಿಯಾಗುತ್ತದೆ.