ಟವೆಲ್ ಕೆಳಗಿನ ಬೆಲೆ: ಚಿಕಾಗೋದಲ್ಲಿ ನಾನು ರೂಮ್ ಹಿಡಿದದ್ದು

2011ರ ಮೇ ತಿಂಗಳು. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ನಾವು ಆಗ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೆವು. ಅಲ್ಲಿಂದ ಚಿಕಾಗೋಗೆ ಕಾರಿನಲ್ಲಿ ಆರು ಗಂಟೆ ದಾರಿ. ಎರಡು ದಿನ ಊರು ತೋರಿಸಿಕೊಂಡು ಬರೋಣ ಅಂತ ನಿಶ್ಚಯ ಮಾಡಿದೆವು. ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯುವ ಹಾಗಿಲ್ಲ. ಹಾಗಾಗಿ ಊರಾಚೆ ಎಲ್ಲೋ ಉಳಿದು ರೈಲಿನಲ್ಲಿ ಓಡಾಡುವುದು ಬೇಡ, ಊರಿನ ನಡುವೆ ಇರುವ ಮಿಲೇನಿಯಂ ಪಾರ್ಕ್ ಹತ್ತಿರವೇ ಇರಬೇಕು ಅನ್ನೋದು ನನ್ನ ಆಸೆ. ಅಲ್ಲಿ ಒಳ್ಳೆಯ ಹೋಟೆಲ್‌ಗಳ ಬೆಲೆ ನೋಡಿದರೆ ಒಂದು ರೂಮಿಗೆ ಒಂದು ರಾತ್ರಿಗೆ 210 ಡಾಲರ್, ತೆರಿಗೆ ಬೇರೆ. ನಮಗೆ ಬೇಕಾದದ್ದು ಎರಡು ರೂಮು, ಎರಡು ರಾತ್ರಿ.

ಡಾಲರ್‌ಗೆ ಆಗ ಸುಮಾರು 45 ರೂಪಾಯಿ. ಅಮ್ಮ ಮನಸ್ಸಿನಲ್ಲೇ ಗುಣಿಸಿ ನೋಡಿ ಗಾಬರಿಯಾದರು. "ಒಂದು ರಾತ್ರಿ ಮಲಗೋಕೆ ಒಂಬತ್ತೂವರೆ ಸಾವಿರಾನಾ? ಬೇಡ ಕಣೆ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬಂದುಬಿಡೋಣ" ಅಂದರು. ಹೋಗಿ ಬರುವುದಕ್ಕೇ ಹನ್ನೆರಡು ಗಂಟೆ ಬೇಕು ಅಂತ ಹೇಳಿ ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಆಗ ನಾನು ಅಂದೆ, "ಆ ಬೆಲೆ ಯಾರು ಕೊಡ್ತಾರಮ್ಮ, ನಾನು ಬಿಡ್ ಮಾಡ್ತೀನಿ."

ಆ ಹೊತ್ತಿಗೆ ಪ್ರೈಸ್‌ಲೈನ್‌ನಲ್ಲಿ ಬಿಡ್ ಮಾಡಿ ನನಗೆ ಎರಡು ವರ್ಷದ ಅಭ್ಯಾಸ ಆಗಿತ್ತು. 1998ರಲ್ಲಿ ವಿಮಾನದ ಟಿಕೆಟ್‌ನಿಂದ ಶುರುವಾದ ಸೈಟ್ ಅದು. 'ನಿಮ್ಮ ಬೆಲೆ ನೀವೇ ಹೇಳಿ' ಅನ್ನುವುದೇ ಆಗ ಅದರ ವಿಶೇಷವಾಗಿತ್ತು. ಊರು, ತಾರೀಕು, ಊರಿನ ಯಾವ ಭಾಗ, ಎಷ್ಟು ಸ್ಟಾರ್ ಇವಿಷ್ಟನ್ನು ನಾವು ಆರಿಸಬೇಕಿತ್ತು. ಆಮೇಲೆ ಒಂದು ರಾತ್ರಿಗೆ ಎಷ್ಟು ಕೊಡುತ್ತೇವೆ ಅಂತ ಬರೆದು, ಕ್ರೆಡಿಟ್ ಕಾರ್ಡ್ ನಂಬರ್ ಕೊಟ್ಟು ಒತ್ತಬೇಕಿತ್ತು. ಯಾವುದಾದರೂ ಹೋಟೆಲ್ ಒಪ್ಪಿದರೆ ಕಾರ್ಡಿನಿಂದ ಹಣ ಹೋಗುತ್ತಿತ್ತು. ಹಣ ಹೋದ ಮೇಲೆಯೇ ಹೋಟೆಲಿನ ಹೆಸರು ಗೊತ್ತಾಗುತ್ತಿದ್ದದ್ದು. ರದ್ದು ಮಾಡುವ ಹಾಗಿರಲಿಲ್ಲ, ತಾರೀಕು ಬದಲಿಸುವ ಹಾಗಿರಲಿಲ್ಲ, ಇನ್ನೊಬ್ಬರ ಹೆಸರಿಗೆ ಮಾಡಿಸುವ ಹಾಗೂ ಇರಲಿಲ್ಲ.

ಇದನ್ನು ಅಪ್ಪನಿಗೆ ವಿವರಿಸಲು ಕೂತೆ. ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಇದು ದನದ ಜಾತ್ರೆ ವ್ಯಾಪಾರ ಕಣಮ್ಮ" ಅಂದರು. ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ದಲ್ಲಾಳಿ ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಅದು ತಿಳಿಯುವುದಿಲ್ಲ. ಕೊಡುವವನು ಇವನಿಗೆ ಎಷ್ಟಕ್ಕೆ ಬಿಟ್ಟ ಅಂತ ಗೊತ್ತಾದರೆ ಮುಂದಿನ ಗಿರಾಕಿಯೂ ಅದೇ ಬೆಲೆ ಕೇಳುತ್ತಾನಲ್ವಾ, ಅದಕ್ಕೆ ಆ ಟವೆಲ್.

ಹೋಟೆಲಿನವರು ಹೆಸರು ಮುಚ್ಚಿಟ್ಟುಕೊಳ್ಳುವುದಕ್ಕೂ ಇದೇ ಕಾರಣ. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರುವುದಕ್ಕಾಗುವುದಿಲ್ಲ. ಹಾಗಂತ ತಮ್ಮ ಹೆಸರಿನಲ್ಲೇ 80 ಡಾಲರ್ ಅಂತ ಬೋರ್ಡ್ ಹಾಕಿದರೆ 210 ಕೊಟ್ಟು ಬುಕ್ ಮಾಡಿದವರೆಲ್ಲ ಜಗಳಕ್ಕೆ ಬರುತ್ತಾರೆ. ಹೆಸರು ಕಾಣದ ಕಡೆ ಮಾರಿದರೆ ಯಾರಿಗೂ ತಿಳಿಯುವುದಿಲ್ಲ.

ಬೆಲೆ ಬರೆಯುವ ಮುಂಚೆ ಮಾಡುವ ಮನೆಕೆಲಸದಲ್ಲೇ ಮುಕ್ಕಾಲು ಪಾಲು ವ್ಯಾಪಾರ ಮುಗಿದಿರುತ್ತದೆ. ಮೊದಲು ನಾನು ನೋಡುತ್ತಿದ್ದದ್ದು ಕ್ಯಾಲೆಂಡರ್. ಚಿಕಾಗೋದ ಮೆಕಾರ್ಮಿಕ್ ಪ್ಲೇಸ್‌ನಲ್ಲಿ ದೊಡ್ಡ ಸಮ್ಮೇಳನ ಇದ್ದರೆ ಊರೆಲ್ಲ ಭರ್ತಿ. ಆಗಸ್ಟ್ ಮೊದಲಲ್ಲಿ ಗ್ರಾಂಟ್ ಪಾರ್ಕ್ ಸಂಗೀತೋತ್ಸವ, ಅಕ್ಟೋಬರ್‌ನಲ್ಲಿ ಮ್ಯಾರಥಾನ್. ಅಂಥ ದಿನಗಳಲ್ಲಿ ಬಿಡ್ ಮಾಡುವುದು ಸುಮ್ನೆ ಸಮಯ ಹಾಳು. ಭಾನುವಾರ ರಾತ್ರಿ ಸಾಮಾನ್ಯವಾಗಿ ಅಗ್ಗ, ಯಾಕೆಂದರೆ ವಾರಾಂತ್ಯಕ್ಕೆ ಬಂದವರು ಹೊರಟಿರುತ್ತಾರೆ, ಕೆಲಸದ ಮೇಲೆ ಬರುವವರು ಇನ್ನೂ ಬಂದಿರುವುದಿಲ್ಲ. ಸ್ಯಾನ್ ಹೋಸೆಯಂಥ ಕಂಪನಿಗಳ ಊರಿನಲ್ಲಿ ಶುಕ್ರವಾರ, ಶನಿವಾರವೇ ಅಗ್ಗ. ನಾವು ಭಾನುವಾರ ಹೋಗಿ ಮಂಗಳವಾರ ಹೊರಡುವ ಹಾಗೆ ಇಟ್ಟುಕೊಂಡೆವು.

ಎರಡನೆಯದು, ಬೆಲೆಯ ಮೇಲ್ಮಿತಿ. ಅದಕ್ಕೆ ಹಾಟ್‌ವೈರ್ ಅನ್ನುವ ಇನ್ನೊಂದು ಸೈಟ್ ನೋಡುತ್ತಿದ್ದೆ. ಅಲ್ಲೂ ಹೆಸರು ಕಾಣಿಸುವುದಿಲ್ಲ, ಬೆಲೆ ಮಾತ್ರ ಅವರೇ ಹೇಳುತ್ತಾರೆ. ನಮಗೆ ಬೇಕಾದ ದಿನಕ್ಕೆ, ನಮಗೆ ಬೇಕಾದ ಜಾಗದಲ್ಲಿ 4 ಸ್ಟಾರ್ ರೂಮ್ ಅಲ್ಲಿ 118 ಡಾಲರ್‌ಗೆ ಇತ್ತು. ಅಂದರೆ ಬಿಡ್‌ನಲ್ಲಿ ಅದಕ್ಕಿಂತ ಒಂದು ಡಾಲರ್ ಜಾಸ್ತಿ ಹೋದರೂ ಅರ್ಥವಿಲ್ಲ. 60ರಿಂದ ಶುರು ಮಾಡುವುದು, 95ಕ್ಕೆ ನಿಲ್ಲಿಸುವುದು, ಸಿಗದಿದ್ದರೆ ಹಾಟ್‌ವೈರ್‌ನಲ್ಲಿ ತೆಗೆದುಕೊಳ್ಳುವುದು ಅಂತ ಚೀಟಿಯಲ್ಲಿ ಬರೆದುಕೊಂಡೆ. ಬರೆದುಕೊಳ್ಳದಿದ್ದರೆ ರಾತ್ರಿ ಹೊತ್ತು ಬಿಡ್ ಮಾಡುತ್ತಾ ಮಾಡುತ್ತಾ ಕೈ ಮೇಲಕ್ಕೇ ಹೋಗುತ್ತದೆ. ನನಗೆ ಆಗಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಸಲ ಬಿಡ್ ಬಿದ್ದುಹೋದರೆ ಅದೇ ಜಾಗ, ಅದೇ ಸ್ಟಾರ್, ಅದೇ ದಿನಕ್ಕೆ ಮತ್ತೆ ಕೇಳಲು 24 ಗಂಟೆ ಕಾಯಬೇಕಿತ್ತು. ಏನಾದರೂ ಒಂದನ್ನು ಬದಲಿಸಿದರೆ ಆ ಕೂಡಲೇ ಕೇಳಬಹುದಿತ್ತು. ಸ್ಟಾರ್ ಇಳಿಸಲು ನನಗೆ ಇಷ್ಟವಿಲ್ಲ, ದಿನ ಬದಲಿಸುವ ಹಾಗಿಲ್ಲ. ಉಳಿದದ್ದು ಜಾಗ. ಬೇಡದ ಜಾಗ ಸೇರಿಸಿದರೆ ಅಲ್ಲೇ ರೂಮ್ ಸಿಕ್ಕಿಬಿಟ್ಟರೆ?

ಇದಕ್ಕೊಂದು ದಾರಿ ಇತ್ತು. ನಕ್ಷೆಯಲ್ಲಿ ಒಂದೊಂದೇ ಜಾಗವನ್ನು ಒಂಟಿಯಾಗಿ ಆರಿಸಿ ನೋಡಬೇಕಿತ್ತು. ಅಲ್ಲಿ 4 ಸ್ಟಾರ್ ಹೋಟೆಲ್ ಇಲ್ಲದಿದ್ದರೆ ಕೆಳಗಿನ ಪಟ್ಟಿಯಲ್ಲಿ 4 ಸ್ಟಾರ್ ಒತ್ತಲು ಬರುತ್ತಿರಲಿಲ್ಲ. ಅಂಥ ಜಾಗವನ್ನು ಸೇರಿಸಿದರೆ ಯಾವ ಅಪಾಯವೂ ಇರಲಿಲ್ಲ. ಕೇಳುತ್ತಿರುವುದು 4 ಸ್ಟಾರ್, ಅಲ್ಲಿ ಕೊಡಲು 4 ಸ್ಟಾರ್ ಇಲ್ಲವೇ ಇಲ್ಲ. ಆದರೆ ಸೈಟಿನ ಲೆಕ್ಕಕ್ಕೆ ನಾನು ಜಾಗ ಬದಲಿಸಿದ ಹಾಗಾಯಿತು, ಇನ್ನೊಂದು ಬಿಡ್ ಸಿಕ್ಕಿತು. ಮಿಡ್‌ವೇ ವಿಮಾನ ನಿಲ್ದಾಣದ ಸುತ್ತಿನ ಜಾಗ ಮತ್ತು ಊರಾಚೆಯ ಮೂರು ಜಾಗ, ಹೀಗೆ ನಾಲ್ಕು ಸಿಕ್ಕವು. ಮೊದಲಿನದೂ ಸೇರಿ ಐದು ಬಿಡ್.

ಇಲ್ಲಿ ಎಡವುವುದು ಸುಲಭವಾಗಿತ್ತು. ಓಹೇರ್ ವಿಮಾನ ನಿಲ್ದಾಣದ ಸುತ್ತಲೂ 4 ಸ್ಟಾರ್ ಹೋಟೆಲ್‌ಗಳಿವೆ. ಊರಾಚೆ ಇದೆ, ಏನೂ ಇರಲಿಕ್ಕಿಲ್ಲ ಅಂತ ಅದನ್ನು ಸೇರಿಸಿದ್ದರೆ ನಾವು ಪಾರ್ಕಿನಿಂದ ಹದಿನೇಳು ಮೈಲಿ ದೂರ ಬಿದ್ದಿರುತ್ತಿದ್ದೆವು. ಇನ್ನೊಂದು ವಿಷಯ. ನೀವು ಕೇಳಿದ ಸ್ಟಾರ್ ಇಲ್ಲವೇ ಅದಕ್ಕಿಂತ ಮೇಲಿನದು ಕೊಡಬಹುದು ಅಂತ ನಿಯಮ ಇತ್ತು. 3 ಸ್ಟಾರ್ ಕೇಳುವಾಗ ಬರೀ 4 ಸ್ಟಾರ್ ಇರುವ ಜಾಗವನ್ನು ಸೇರಿಸಿದರೂ ಅಲ್ಲಿ ಸಿಕ್ಕಿಬಿಡಬಹುದಿತ್ತು. ಪ್ರತಿ ಜಾಗದಲ್ಲೂ ಎಲ್ಲಕ್ಕಿಂತ ಮೇಲಿನ ಸ್ಟಾರ್ ಯಾವುದು ಅಂತ ಬರೆದುಕೊಂಡೇ ಮುಂದೆ ಹೋಗಬೇಕಿತ್ತು.

ಬುಧವಾರ ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಮಗನನ್ನು ಮಲಗಿಸಿ ನಮ್ಮವರೂ ಬಂದರು. ಅಪ್ಪ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. 60 ಬರೆದು ಒತ್ತಿದೆ. ಒಂದು ನಿಮಿಷ ಪರದೆ ಸುತ್ತುತ್ತಲೇ ಇತ್ತು. ಆಗಲಿಲ್ಲ. ಮಿಡ್‌ವೇ ಸೇರಿಸಿ 66. ಇಲ್ಲ. ಇನ್ನೊಂದು ಜಾಗ ಸೇರಿಸಿ 72. ಇಲ್ಲ. 77. ಅದೂ ಇಲ್ಲ. ಇನ್ನು ಉಳಿದದ್ದು ಒಂದೇ ಜಾಗ. ನಾನು 90 ಅಂತ ಬರೆದಿದ್ದೆ. ಅಪ್ಪ ನನ್ನ ಮೊಣಕೈ ಹಿಡಿದರು. "ಅಷ್ಟು ಏರಿಸಬೇಡ. ನಾಲ್ಕು ಏರಿಸಿ ನೋಡು. ಆಗದಿದ್ರೆ ನಾಳೆ ರಾತ್ರಿ ಮತ್ತೆ ಕೇಳಿದ್ರಾಯ್ತು, ಹೋಗೋದು ಭಾನುವಾರ ತಾನೇ?" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. 24 ಗಂಟೆ ಕಾಯಲು ನಮಗೆ ಸಮಯ ಇತ್ತು. ಸಮಯ ಇದ್ದವರಿಗೆ ಈ ವ್ಯಾಪಾರದಲ್ಲಿ ಬಲ ಜಾಸ್ತಿ. 90 ಅಳಿಸಿ 81 ಬರೆದೆ.

ಪರದೆ ಸುತ್ತಿತು. ಹಸಿರು ಅಕ್ಷರದಲ್ಲಿ ಒಂದು ಹೋಟೆಲಿನ ಹೆಸರು ಬಂತು. ಮಿಲೇನಿಯಂ ಪಾರ್ಕಿಗೆ ನಡೆದು ಐದು ನಿಮಿಷ. ಎರಡು ರೂಮು, ಎರಡು ರಾತ್ರಿಗೆ 324, ತೆರಿಗೆ ಮತ್ತು ಸೈಟಿನ ಶುಲ್ಕ ಸೇರಿ 387 ಡಾಲರ್. ಮಾಮೂಲಿ ಬೆಲೆಗೆ ಹೋಗಿದ್ದರೆ ತೆರಿಗೆ ಸೇರಿ 970ರ ಹತ್ತಿರ ಆಗುತ್ತಿತ್ತು. ಅಮ್ಮ ಆಗಲೇ ಮಲಗಿದ್ದರು. ಅಪ್ಪ ಎಬ್ಬಿಸಿ ಹೇಳಿದರು.

ರೂಮ್ ಸಿಕ್ಕಿತು ಅಂದರೆ ಕೆಲಸ ಮುಗಿಯಲಿಲ್ಲ. ಇದು ನಾನು ನಯಾಗರಾಕ್ಕೆ ಹೋದಾಗ ಕಲಿತದ್ದು. ಅಲ್ಲಿ ಬಿಡ್‌ನಲ್ಲಿ ಸಿಕ್ಕ ಹೋಟೆಲಿನಲ್ಲಿ ನಮಗೆ, ಜೊತೆಗೆ ಬಂದಿದ್ದ ನನ್ನ ಅತ್ತೆಗೆ, ಮಗುವಿಗೆ ಎಲ್ಲರಿಗೂ ಸೇರಿ ಒಂದೇ ಮಂಚದ ರೂಮ್ ಕೊಟ್ಟರು. ನಮ್ಮವರು ಕುರ್ಚಿಯಲ್ಲಿ ರಾತ್ರಿ ಕಳೆದರು. ಹೋಟೆಲಿನವರ ತಪ್ಪೇನಿರಲಿಲ್ಲ. ಇಬ್ಬರು ದೊಡ್ಡವರಿಗೆ ಸಾಕಾಗುವ ರೂಮ್ ಅಂತ ಮಾತ್ರ ಸೈಟಿನ ಭರವಸೆ, ಎಷ್ಟು ಮಂಚ ಅಂತ ಇಲ್ಲ. ಅಂದಿನಿಂದ ಹೆಸರು ಗೊತ್ತಾದ ಮರುದಿನವೇ ಹೋಟೆಲಿಗೆ ನೇರವಾಗಿ ಫೋನ್ ಮಾಡುತ್ತೇನೆ. ಬುಕಿಂಗ್ ನಂಬರ್ ಹೇಳಿ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ, ಎರಡು ಮಂಚದ ರೂಮ್ ಇದ್ದರೆ ಕೊಡಿ, ಎರಡೂ ರೂಮು ಒಂದೇ ಮಹಡಿಯಲ್ಲಿರಲಿ ಅಂತ ಕೇಳುತ್ತೇನೆ. ಚಿಕಾಗೋದಲ್ಲಿ ಅಕ್ಕಪಕ್ಕದ ರೂಮುಗಳನ್ನೇ ಕೊಟ್ಟರು.

ಕಾರ್ ನಿಲ್ಲಿಸುವುದನ್ನೂ ಮರೆಯಬಾರದು. ಹೋಟೆಲಿನಲ್ಲಿ ಒಂದು ರಾತ್ರಿಗೆ 47 ಡಾಲರ್ ಕೇಳುತ್ತಿದ್ದರು, ಅಂದರೆ ನಮ್ಮ ರೂಮಿನ ಅರ್ಧ ಬೆಲೆಗಿಂತ ಜಾಸ್ತಿ. ಗ್ರಾಂಟ್ ಪಾರ್ಕಿನ ನೆಲದಡಿಯ ಗ್ಯಾರೇಜಿನಲ್ಲಿ ಮೊದಲೇ ಹಣ ಕಟ್ಟಿ ಅದರ ಅರ್ಧಕ್ಕೆ ನಿಲ್ಲಿಸಿದೆವು. ಕೆಲವು ಊರುಗಳಲ್ಲಿ ರೆಸಾರ್ಟ್ ಫೀ ಅಂತಲೂ ಹೋಟೆಲಿನವರು ಬೇರೆಯಾಗಿ ತೆಗೆದುಕೊಳ್ಳುತ್ತಾರೆ. ಮತ್ತೆ, ರೂಮಿನ ಹಣ ಮೊದಲೇ ಕಟ್ಟಿದ್ದರೂ ಕೌಂಟರಿನಲ್ಲಿ ಕಾರ್ಡ್ ಕೇಳಿ ಒಂದಷ್ಟು ಹಣ ಹಿಡಿದಿಟ್ಟುಕೊಳ್ಳುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ವಾಪಸ್ ಬರುವವರೆಗೆ ಕೈಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡನ್ನೇ ಕೊಡಿ.

ಎಲ್ಲ ಕಡೆಯೂ 4 ಸ್ಟಾರ್ ಹಿಡಿಯಬೇಕು ಅಂತ ನಾನು ಹೇಳುವುದಿಲ್ಲ. ನಮ್ಮಂಥ ಸಸ್ಯಾಹಾರಿ ಮನೆಯವರಿಗೆ ಇದು ನಿಜವಾದ ಪ್ರಶ್ನೆ. ಊರಾಚೆಯ ಎರಡೂವರೆ ಸ್ಟಾರ್ ಹೋಟೆಲಿನಲ್ಲಿ ಬೆಳಿಗ್ಗೆಯ ತಿಂಡಿ, ವೈಫೈ, ಕಾರ್ ನಿಲ್ಲಿಸುವುದು ಸಾಮಾನ್ಯವಾಗಿ ಉಚಿತ. ಎಷ್ಟೋ ಕಡೆ ರೂಮಿನಲ್ಲಿ ಮೈಕ್ರೋವೇವ್, ಫ್ರಿಜ್ ಕೂಡ ಇರುತ್ತದೆ. ದೊಡ್ಡ ಹೋಟೆಲಿನಲ್ಲಿ ಆಗ ವೈಫೈಗೂ ದುಡ್ಡು. ಚಿಕಾಗೋದಲ್ಲಿ ನಮಗಿದ್ದದ್ದು ಕಾಫಿ ಯಂತ್ರ ಒಂದೇ. ಅಮ್ಮ ಅದರಲ್ಲಿ ಬರೀ ನೀರು ಕಾಯಿಸಿಕೊಂಡು, ಮನೆಯಿಂದ ತಂದಿದ್ದ ಗೊಜ್ಜವಲಕ್ಕಿ ಪುಡಿಗೆ ಬೆರೆಸಿ, ಗಾಜಿನ ಲೋಟಗಳಲ್ಲೇ ಎಲ್ಲರಿಗೂ ತಿಂಡಿ ಕೊಟ್ಟರು. ರಾತ್ರಿ ಊಟಕ್ಕೆ ನಮ್ಮ ದೇಶದವರ ಅಂಗಡಿ, ಊಟದ ಹೋಟೆಲುಗಳಿರುವ ಡೆವಾನ್ ಅವೆನ್ಯೂ ಬೀದಿಗೆ ಹೋದೆವು. ಸುತ್ತಾಡುವ ಊರಿನಲ್ಲಿ ನಡುಮಧ್ಯೆ ಉಳಿಯುವುದಕ್ಕೆ 4 ಸ್ಟಾರ್ ಸರಿ. ದಾರಿಯಲ್ಲಿ ಒಂದು ರಾತ್ರಿ ಮಲಗಿ ಹೊರಡುವುದಕ್ಕೆ ಎರಡೂವರೆಯೇ ವಾಸಿ.

ಅಪ್ಪನ ಮಂಡಿಗೆ ಆ ಜಾಗ ಎಷ್ಟು ಅನುಕೂಲವಾಯಿತು ಅನ್ನುವುದು ನನಗೆ ಉಳಿದ ದುಡ್ಡಿಗಿಂತ ದೊಡ್ಡದು. ಬೆಳಿಗ್ಗೆ ಪಾರ್ಕಿಗೆ ಹೋಗಿ ಬಂದು ಮಲಗುತ್ತಿದ್ದರು, ಸಂಜೆ ಮತ್ತೆ ಹೊರಡುತ್ತಿದ್ದರು. ವಿಲ್ಲಿಸ್ ಟವರಿನ 103ನೇ ಮಹಡಿಯ ಗಾಜಿನ ನೆಲದ ಮೇಲೆ ಅಮ್ಮ ನಿಂತರು, ಅಪ್ಪ ನಿಲ್ಲಲಿಲ್ಲ.

ಬಿಡ್ ಮಾಡಬಾರದ ಸಂದರ್ಭಗಳೂ ಇದ್ದವು. ಅದೇ ಬೇಸಿಗೆಯಲ್ಲಿ ವಾಷಿಂಗ್ಟನ್‌ಗೆ ಹೊರಡುವ ಹಿಂದಿನ ದಿನ ಅಮ್ಮನಿಗೆ ಜ್ವರ ಬಂತು. ಹೋಗಲಿಲ್ಲ. ಕಟ್ಟಿದ್ದ ಎರಡು ರಾತ್ರಿಯ ಹಣ ಪೂರ್ತಿ ಹೋಯಿತು. ನಿಯಮ ಗೊತ್ತಿದ್ದೇ ಮಾಡಿದ್ದೆ. ವೀಸಾ ಸಂದರ್ಶನ, ಆಸ್ಪತ್ರೆ ಕೆಲಸ, ವಯಸ್ಸಾದವರ ಪ್ರಯಾಣ, ಹೀಗೆ ದಿನ ಅಲುಗಾಡುವ ಸಾಧ್ಯತೆ ಇರುವ ಕಡೆ ಇನ್ನೂ ಸ್ವಲ್ಪ ಜಾಸ್ತಿ ಕೊಟ್ಟು ರದ್ದು ಮಾಡಬಹುದಾದ ರೂಮ್ ಹಿಡಿಯಬೇಕು.

ಪ್ರೈಸ್‌ಲೈನ್ ವಿಮಾನದ ಬಿಡ್ಡಿಂಗನ್ನು 2016ರಲ್ಲಿ ನಿಲ್ಲಿಸಿತು, ಆಮೇಲೆ ಹೋಟೆಲಿನದೂ ಹೋಯಿತು. ಹೆಸರು ಮುಚ್ಚಿದ ರೂಮುಗಳು ಮಾತ್ರ ಈಗಲೂ ಇವೆ. ಪ್ರೈಸ್‌ಲೈನ್‌ನಲ್ಲಿ ಎಕ್ಸ್‌ಪ್ರೆಸ್ ಡೀಲ್, ಹಾಟ್‌ವೈರ್‌ನಲ್ಲಿ ಹಾಟ್ ರೇಟ್. ಪ್ರೈಸ್‌ಲೈನ್‌ನದೇ ಪ್ರೈಸ್‌ಬ್ರೇಕರ್ ಅನ್ನುವುದರಲ್ಲಿ ಮೂರು ಹೋಟೆಲಿನ ಹೆಸರು ತೋರಿಸಿ ಅದರಲ್ಲಿ ಒಂದು ಕೊಡುತ್ತಾರೆ. ನನಗೆ ಅದೇ ಇಷ್ಟ, ಮೂರೂ ಒಪ್ಪಿಗೆ ಆದರೆ ಭಯವಿಲ್ಲ. ಉಳಿದವುಗಳಲ್ಲಿ ಹೆಸರು ಊಹಿಸಬೇಕು. ಸ್ಟಾರ್, ಜಾಗ, ಗಿರಾಕಿಗಳು ಕೊಟ್ಟ ಅಂಕ, ಈಜುಕೊಳ ಇದೆಯೋ ಇಲ್ಲವೋ, ನಾಯಿ ಬಿಡುತ್ತಾರೋ ಇಲ್ಲವೋ ಇವೆಲ್ಲವನ್ನೂ ಬರೆದುಕೊಂಡು, ಅದೇ ಜಾಗದಲ್ಲಿ ಹೆಸರು ತೋರಿಸಿ ಮಾರುವ ಹೋಟೆಲುಗಳ ಪಟ್ಟಿಯಲ್ಲಿ ಅದೇ ಗುರುತುಗಳನ್ನು ಒಂದೊಂದೇ ಹಾಕಿ ಜರಡಿ ಹಿಡಿಯುತ್ತೇನೆ. ಹತ್ತು ನಿಮಿಷದ ಕೆಲಸ. ಎಷ್ಟೋ ಸಲ ಕೊನೆಗೆ ಒಂದೋ ಎರಡೋ ಹೆಸರು ಉಳಿಯುತ್ತದೆ.

ಆಮೇಲೆ ಅದೇ ಹೋಟೆಲಿನ ರದ್ದು ಮಾಡಬಹುದಾದ ಬೆಲೆಯನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ವ್ಯತ್ಯಾಸ ನೂರಕ್ಕೆ 25ಕ್ಕಿಂತ ಕಡಿಮೆ ಇದ್ದರೆ ಹೆಸರು ಮುಚ್ಚಿದ ರೂಮ್ ಮುಟ್ಟುವುದಿಲ್ಲ. ಅಮ್ಮನಿಗೆ ಈಗ ಎಪ್ಪತ್ತೈದು ದಾಟಿದೆ. ಅವರು ಬಂದಾಗ ಹೊರಡುವ ದಿನ ಕೊನೇ ಗಳಿಗೆಯಲ್ಲಿ ಬದಲಾಗುವುದು ಮಾಮೂಲಿ.