ಹನ್ನೊಂದು ಮಂದಿಯ ಮನೆಯಲ್ಲಿ ಅರ್ಧ ಗಂಟೆ ಏಕಾಂತ: ಅಂತರ್ಮುಖಿಗಳು ದಣಿವಾರಿಸಿಕೊಳ್ಳುವುದು ಹೇಗೆ?

ಕಲಬುರಗಿಯ ಯಾವುದೇ ತುಂಬಿದ ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹತ್ತು ನಿಮಿಷ ಕುಳಿತು ನೋಡಿ. ಮೊದಲು ಅವ್ವ ಬಂದು ತಲೆನೋವೇ ಎಂದು ಕೇಳುತ್ತಾರೆ. ಆಮೇಲೆ ಕಾಕಾ ಬಂದು ಕಚೇರಿಯಲ್ಲಿ ಏನಾದರೂ ಆಯಿತೇ ಎನ್ನುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ, ಚಹಾದ ಹಿಂದೆಯೇ ಪಕ್ಕದ ಮನೆಯವರೂ ಬರುತ್ತಾರೆ. ‘ಏನೂ ಇಲ್ಲ, ಸುಮ್ಮನೆ ಕುಳಿತಿದ್ದೇನೆ’ ಎಂದರೆ ನಂಬುವವರಿಲ್ಲ. ಹನ್ನೊಂದು ಮಂದಿಯ ಇಂಥ ಮನೆಯಲ್ಲಿ ಬೆಳೆದವನು ನಾನು. ಕದ್ದುಮುಚ್ಚಿ ಏಕಾಂತ ಹುಡುಕಿ ಸೋತ ಮೇಲೆ, ಹೇಳಿಯೇ ಪಡೆಯುವುದನ್ನು ಕಲಿತೆ.

ಅಂತರ್ಮುಖಿ ಎಂದರೆ ನಾಚಿಕೆ ಸ್ವಭಾವದವರು ಎಂದುಕೊಳ್ಳುವವರು ಬಹಳ. ನಾಚಿಕೆಯವರಿಗೆ ಜನರೆಂದರೆ ಅಳುಕು. ಅಂತರ್ಮುಖಿಗೆ ಅಳುಕಿರಬೇಕೆಂದೇನಿಲ್ಲ, ಜನರ ನಡುವೆ ಇದ್ದಷ್ಟೂ ದಣಿವಾಗುತ್ತದೆ, ಅಷ್ಟೇ. 1921ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಪ್ರಚಾರಕ್ಕೆ ತಂದಾಗಲೂ ಇದನ್ನು ಕಾಯಿಲೆ ಎಂದಿರಲಿಲ್ಲ. ನಾಲ್ಕು ತರಗತಿಗಳಿಗೆ ಗಟ್ಟಿ ದನಿಯಲ್ಲಿ ಪಾಠ ಮಾಡುವ ಉಪನ್ಯಾಸಕಿಯೂ ಅಂತರ್ಮುಖಿಯಾಗಿರಬಹುದು.

ಮೊದಲು ಒಂದು ವಾರದ ಲೆಕ್ಕ ಬರೆಯಿರಿ. ಯಾವ ಹೊತ್ತಿಗೆ, ಯಾರ ಜೊತೆಗಿದ್ದಾಗ ಸುಸ್ತಾಯಿತು ಎಂದು ರಾತ್ರಿ ಎರಡು ಸಾಲು ಸಾಕು. ನಾನು ವರ್ಷಗಟ್ಟಲೆ ಕಚೇರಿಯ ಸಭೆಗಳನ್ನು ದೂರುತ್ತಿದ್ದೆ. ಬರೆದು ನೋಡಿದರೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲಿನ ಮುಕ್ಕಾಲು ಗಂಟೆಯ ಹರಟೆ ನನ್ನನ್ನು ಹಿಂಡುತ್ತಿತ್ತು. ಈಗ ವಾರಕ್ಕೆ ಎರಡು ದಿನ ಒಬ್ಬನೇ ಉಣ್ಣುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಎರಡನೆಯದು, ಮನೆಯವರಿಗೆ ಹೊತ್ತು ಗೊತ್ತುಮಾಡಿ ಹೇಳುವುದು. ಇದು ಎಲ್ಲಕ್ಕಿಂತ ಕಷ್ಟ. ನಮ್ಮ ಅಜ್ಜ ಇಷ್ಟಲಿಂಗ ಪೂಜೆಗೆ ಕುಳಿತರೆ ಮಕ್ಕಳು ಕೂಡ ತುಟಿ ಬಿಚ್ಚುತ್ತಿರಲಿಲ್ಲ. ಬಾಗಿಲಿಗೆ ಬಂದವರಿಗೆ ‘ಪೂಜೆಗೆ ಕುಳಿತಿದ್ದಾರೆ’ ಎಂದರೆ ಸಾಕು, ಕಟ್ಟೆಯ ಮೇಲೆ ಕಾಯುತ್ತಿದ್ದರು. ಆ ಹೊತ್ತು ಎಲ್ಲರಿಗೂ ಗೊತ್ತಿತ್ತು, ಮುಗಿದ ಮೇಲೆ ಅಜ್ಜ ಮಾತಿಗೆ ಸಿಗುತ್ತಾರೆಂಬುದೂ ಗೊತ್ತಿತ್ತು. ನಾನು ಅದನ್ನೇ ಹಿಡಿದೆ: ‘ಸಂಜೆ ಏಳರಿಂದ ಏಳೂವರೆ ನನ್ನ ಹೊತ್ತು, ಆಮೇಲೆ ಎಲ್ಲರ ಜೊತೆ ಕೂಡುತ್ತೇನೆ.’ ಏಳೂವರೆಗೆ ತಪ್ಪದೆ ಹೊರಬರಬೇಕು. ಎರಡು ದಿನ ಮಾತು ತಪ್ಪಿದರೆ ಮೂರನೆಯ ದಿನ ಬಾಗಿಲು ಬಡಿಯುತ್ತಾರೆ. ನಮ್ಮಲ್ಲಿ ಮೂರು ವಾರಕ್ಕೆ ಅವ್ವನೇ ಬಂದವರನ್ನು ತಡೆಯತೊಡಗಿದರು.

ಬೇಸಿಗೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಇಡೀ ಮನೆ ಕೂಲರ್ ಇರುವ ಒಂದೇ ಕೋಣೆಗೆ ಬಂದು ಸೇರುತ್ತದೆ. ಆಗ ನಸುಕಿನ ಐದು ಗಂಟೆಗೆ ಮಾಳಿಗೆ ಹತ್ತಿ. ರಾತ್ರಿ ಅಲ್ಲೇ ಮಲಗಿದವರಿದ್ದರೂ ಆ ಹೊತ್ತಿಗೆ ಮಾತನಾಡಿಸುವವರು ಇರುವುದಿಲ್ಲ.

ಊರಿನಲ್ಲೊಂದು ಜಾಗ ಗುರುತಿಟ್ಟುಕೊಳ್ಳಿ. ಶರಣಬಸವೇಶ್ವರ ಕೆರೆಯ ದಂಡೆ ಚಂದವೇ, ಆದರೆ ಬೆಳಿಗ್ಗೆ ಅಲ್ಲಿ ನಡೆಯಲು ಬರುವವರಲ್ಲಿ ಅರ್ಧ ಜನ ಪರಿಚಿತರು. ಒಂದು ಸುತ್ತಿಗೆ ಐದು ನಮಸ್ಕಾರ. ನಾನು ಕೋಟೆಗೆ ಹೋಗುತ್ತೇನೆ. 1367ರಲ್ಲಿ ಕಟ್ಟಿದ ಅಲ್ಲಿನ ಜಾಮಾ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ. ತಗ್ಗು ಕಮಾನುಗಳ ಉದ್ದ ಸಾಲಿನಲ್ಲಿ ನೆರಳು ಒಂದರ ಹಿಂದೊಂದು ಮಲಗಿರುತ್ತದೆ, ಬಿಸಿಲು ಹೊರಗೇ ಉಳಿಯುತ್ತದೆ. ಇಪ್ಪತ್ತು ನಿಮಿಷ ಕುಳಿತು ಬಂದರೆ ಸಂಜೆಯವರೆಗೆ ಸಾಗುತ್ತದೆ. ಬೀದರಿನವರಿಗೆ ಅಷ್ಟೂರಿನ ಬಹಮನಿ ಗೋರಿಗಳಿವೆ.

ಈ ಹೊತ್ತಿನಲ್ಲಿ ಮೊಬೈಲ್ ಬೇಡ. ವಾಟ್ಸ್‌ಆ್ಯಪ್ ಗುಂಪೆಂದರೆ ಜೇಬಿನಲ್ಲಿರುವ ಇನ್ನೊಂದು ಸಂತೆ.

ಒಬ್ಬರೇ ಇದ್ದು ಬಂದರೂ ಹಗುರವಾಗದೆ, ನಿದ್ದೆ, ಹಸಿವು ಎರಡೂ ಕೆಟ್ಟು ಎರಡು ವಾರ ದಾಟಿದರೆ ಅದನ್ನು ಸ್ವಭಾವದ ತಲೆಗೆ ಕಟ್ಟಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಉಳಿದದ್ದು ಮದುವೆ. ತಪ್ಪಿಸಿಕೊಳ್ಳಲು ಹೋಗಬೇಡಿ, ಅದರ ವಿಚಾರಣೆ ಮದುವೆಗಿಂತ ಉದ್ದ. ಬೇಗ ಹೋಗಿ ಮುಯ್ಯಿ ಬರೆದುಕೊಳ್ಳುವ ಕೆಲಸ ಕೇಳಿ ಪಡೆಯಿರಿ. ಒಂದು ಮೇಜು, ಒಂದು ಕುರ್ಚಿ, ಒಂದು ನೋಟ್‌ಬುಕ್. ಬಂದವರು ಹೆಸರು, ಊರು, ಮೊತ್ತ ಹೇಳುತ್ತಾರೆ. ಹಿಂದೆ ಸಾಲು ನಿಂತಿರುವುದರಿಂದ ‘ನಿನ್ನದು ಯಾವಾಗ’ ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮದುವೆ ಮುಗಿದ ಮೇಲೆ ಸೋದರತ್ತೆ ಎಲ್ಲರೆದುರು ‘ಮದುವೆ ಮನೆಯಲ್ಲಿ ಇವನಷ್ಟು ಓಡಾಡಿ ದುಡಿದವರು ಇನ್ನೊಬ್ಬರಿಲ್ಲ’ ಎಂದರು. ನಾನು ಕುರ್ಚಿ ಬಿಟ್ಟು ಎದ್ದದ್ದು ಊಟಕ್ಕೆ ಮಾತ್ರ.