ಅಮ್ಮನಿಗಾಗಿ 14 ಚದರದ ಮನೆಯನ್ನು ಚಿಕ್ಕದು ಮಾಡಿದ್ದು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಅಪ್ಪ 1986ರಲ್ಲಿ ಕಟ್ಟಿಸಿದ್ದು. 40–60ರ ಸೈಟು, 14 ಚದರದ (1,400 ಚದರ ಅಡಿಯ) ಮನೆ, 9 ಇಂಚಿನ ಇಟ್ಟಿಗೆ ಗೋಡೆ, ರೆಡ್ ಆಕ್ಸೈಡ್ ನೆಲ. ಆಗ ನಾವು 7 ಜನ ಇದ್ದೆವು. ಈಗ ಅಮ್ಮ ಒಬ್ಬರೇ. ನಾನು 20 ವರ್ಷದಿಂದ ಬೇರೆಯವರ ಮನೆಗೆ ಪ್ಲಾನ್ ಹಾಕಿಕೊಡುತ್ತಾ ಬಂದವನು. ಅಮ್ಮನಿಗೆ ಮಂಡಿ ಆಪರೇಷನ್ ಆದ ಮೇಲೆ ನಮ್ಮ ಮನೆಗೇ ಕೈ ಹಾಕಿದೆ.

ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಕೆಡವಿಬಿಡಿ, 3 ಮಹಡಿ ಎಬ್ಬಿಸಿ, ಬಾಡಿಗೆ ಬರುತ್ತೆ. ನನಗೆ ಮನಸ್ಸಾಗಲಿಲ್ಲ. ಗೋಡೆ ಗಟ್ಟಿಯಾಗಿತ್ತು, ತಾರಸಿ ಗಟ್ಟಿಯಾಗಿತ್ತು. ಅದನ್ನು ಒಡೆದು ಲಾರಿಗಟ್ಟಲೆ ಸಾಗಿಸಿ, ಮತ್ತೆ ಲಾರಿಗಟ್ಟಲೆ ಇಟ್ಟಿಗೆ, ಸಿಮೆಂಟು, ಕಬ್ಬಿಣ ತರಿಸಬೇಕು. ಇಟ್ಟಿಗೆ ಸುಡೋಕೆ, ಸಿಮೆಂಟ್ ತಯಾರಾಗೋಕೆ ಎಷ್ಟು ಉರಿ ಬೇಕು ಅಲ್ವಾ? ಆ ಉರಿ 1986ರಲ್ಲೇ ಖರ್ಚಾಗಿತ್ತು. ಅಮ್ಮನಿಗೆ ಬೇಕಿದ್ದದ್ದು ಇಷ್ಟೇ: ಮಂಚದಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ, ಅಡುಗೆಮನೆಗೆ ಹತ್ತು ಹೆಜ್ಜೆ.

ಕಾಗದದಲ್ಲಿ ಪ್ಲಾನ್ ತೋರಿಸಿದರೆ ಅಮ್ಮನಿಗೆ ತಿಳಿಯಲಿಲ್ಲ. ಅದಕ್ಕೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಗೋಡೆ, ಬಾಗಿಲುಗಳ ಗುರುತು ಹಾಕಿದೆ. ಕೆಂಪು ನೆಲದ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಒಂದು ವಾರ ಅಮ್ಮ ವಾಕರ್ ಹಿಡಿದು ಆ ಗೆರೆಗಳ ಒಳಗೇ ಓಡಾಡಿದರು. "ಇಲ್ಲಿ ತಿರುಗೋಕೆ ಆಗಲ್ಲ ಕಣೋ" ಅಂದ ಕಡೆಯೆಲ್ಲ ಅಳಿಸಿ ಬೇರೆ ಗೆರೆ ಎಳೆದೆ. ಬಚ್ಚಲಿನ ಬಾಗಿಲು 2 ಅಡಿಯಿಂದ 3 ಅಡಿಗೆ ಏರಿದ್ದು ಹಾಗೆ. ಅದು ಹೊರಗಡೆಗೆ ತೆರೆಯುತ್ತದೆ. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಈಗ ಯಾರಿಗೆ ಪ್ಲಾನ್ ಹಾಕಿದರೂ ಇದೊಂದನ್ನು ನಾನು ಬಿಡುವುದಿಲ್ಲ. ಕೊನೆಗೆ ಅಮ್ಮನ ಭಾಗ 6 ಚದರಕ್ಕೆ ನಿಂತಿತು. ಉಳಿದ 8 ಚದರ ಬೇರೆ ಮನೆಯಾಯಿತು, ಬೇರೆ ಮೀಟರ್ ಬಂತು.

ಕಷ್ಟವಾದದ್ದು ಮಲಗುವ ಕೋಣೆ. ವಾಸ್ತು ಪ್ರಕಾರ ಯಜಮಾನರ ಕೋಣೆ ನೈಋತ್ಯದಲ್ಲಿ. ಅಪ್ಪ ಹಾಗೇ ಕಟ್ಟಿಸಿದ್ದರು. ಆದರೆ ಮಧ್ಯಾಹ್ನ 2 ಗಂಟೆಯಿಂದ ಸಂಜೆಯವರೆಗೂ ಬಿಸಿಲು ಕುಡಿಯುವುದು ಅದೇ ಪಶ್ಚಿಮದ ಗೋಡೆ. 9 ಇಂಚಿನ ಗೋಡೆ ಆ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಒಳಗೆ ಬಿಡುತ್ತದೆ, ಸರಿಯಾಗಿ ಮಲಗುವ ಹೊತ್ತಿಗೆ. ಅಮ್ಮನನ್ನು ಪೂರ್ವದ ಮುಂದಿನ ಕೋಣೆಗೆ ಕರೆತರಬೇಕು ಅಂದೆ. ಅವರು ಎರಡು ದಿನ ಮಾತಾಡಲಿಲ್ಲ. ವಾಸ್ತುವಿನಲ್ಲೇ ಇನ್ನೊಂದು ಮಾತಿದೆ, ನೈಋತ್ಯದಲ್ಲಿ ಭಾರ ಇರಬೇಕು ಅಂತ. ಮನೆಯ ಬೀರುಗಳು, ಅಕ್ಕಿ ಡ್ರಮ್ಮು, ಟ್ರಂಕು ಎಲ್ಲ ಆ ಕೋಣೆಗೆ, ಪಶ್ಚಿಮದ ಗೋಡೆಗೆ ಒತ್ತಿಸಿ ಇಡೋಣ ಅಂದೆ. ಒಪ್ಪಿದರು. ಅಮ್ಮನ ನಂಬಿಕೆಯೂ ಉಳಿಯಿತು, ಬಿಸಿಗೂ ಒಂದು ತಡೆ ಸಿಕ್ಕಿತು. ನನಗೆ ತುಂಬ ಸಮಾಧಾನ ಕೊಟ್ಟ ತೀರ್ಮಾನ ಅದು.

ಗೋಡೆಗಿಂತ ಜಾಸ್ತಿ ಬಿಸಿ ಬರುವುದು ತಾರಸಿಯಿಂದ. ಮೈಸೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ದಕ್ಷಿಣದ ಗೋಡೆಗೆ ಸಜ್ಜಾ ಇದ್ದರೆ ಸಾಕು, ತಾರಸಿಗೆ ಯಾವ ನೆರಳೂ ಇಲ್ಲ. ಮೊದಲ ಬೇಸಿಗೆ ರಾತ್ರಿ 10ಕ್ಕೆ ಏಣಿ ಹತ್ತಿ ಒಳಗಿನಿಂದ ಕೈ ಇಟ್ಟು ನೋಡಿದೆ. ಆಗತಾನೆ ರೊಟ್ಟಿ ತೆಗೆದ ಹಂಚಿನ ಹಾಗಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಬೇಸಿಗೆ ಮುಗಿಯುವ ಮೊದಲೇ ಆಗಬೇಕು ಅನ್ನುವ ಆತುರದಲ್ಲಿ, ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಬಣ್ಣವನ್ನು ಸೀದಾ ಹಳೆಯ ತಾರಸಿಯ ಮೇಲೆ ಹೊಡೆಸಿದೆ. "ಸಾರ್, ಬಿರುಕು ಮೊದಲು ನೋಡೋಣ" ಅಂತ ಮೇಸ್ತ್ರಿ ಹೇಳಿದ್ದರು. ಕೇಳಲಿಲ್ಲ. ಜುಲೈ ಮಳೆಗೆ ಹಾಲ್‌ನಲ್ಲಿ ಎರಡು ಕಡೆ ನೀರು ಇಳಿಯಿತು. ನೀರು ನಿಂತ ಕಡೆಯೆಲ್ಲ ಪಾಚಿ ಕಟ್ಟಿ ಬಿಳಿ ಬಣ್ಣ ಕಪ್ಪಾಯಿತು. ಮಳೆ ನಿಂತ ಮೇಲೆ ಎಲ್ಲ ಕೆರೆಸಿ, ಬಿರುಕುಗಳನ್ನು ಬಿಡಿಸಿ ತುಂಬಿಸಿ, ನೀರು ಹರಿಯುವ ಇಳಿಜಾರು ಸರಿಮಾಡಿಸಿ, ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿದೆವು. ಮರುವರ್ಷ ಮೇ ತಿಂಗಳಲ್ಲಿ ಅದೇ ಏಣಿ ಹತ್ತಿ ಕೈ ಇಟ್ಟೆ. ಉಗುರುಬೆಚ್ಚಗಿತ್ತು ಅಷ್ಟೆ. ಕಿಟಕಿಗಳ ಮೇಲಿನ ಹಳೆಯ ವೆಂಟಿಲೇಟರ್‌ಗಳಿಗೆ ಯಾವಾಗಲೋ ಗಾಜು ಕೂರಿಸಿ ಮುಚ್ಚಿದ್ದರು. ಗಾಜು ತೆಗೆಸಿ ಸೊಳ್ಳೆ ಜಾಲರಿ ಹಾಕಿಸಿದೆ. ಮೇಲೇರಿದ ಬಿಸಿ ಗಾಳಿಗೆ ದಾರಿಯಾಯಿತು.

ಕರೆಂಟಿನ ಕಡೆ ದೊಡ್ಡ ಕೆಲಸವೇನೂ ಇರಲಿಲ್ಲ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತಿತ್ತು, ಹೊಸ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರ್‌ನ) ಫ್ಯಾನ್ 30 ವ್ಯಾಟ್. ದಿನಕ್ಕೆ 10 ಗಂಟೆ ಓಡಿದರೆ ಒಂದೊಂದು ಫ್ಯಾನಿಗೆ ಹೆಚ್ಚುಕಡಿಮೆ ಅರ್ಧ ಯೂನಿಟ್ ಉಳಿಯುತ್ತದೆ. ಸೋಲಾರ್ ವಾಟರ್ ಹೀಟರ್ ಮೊದಲಿಂದಲೂ ಇತ್ತು, ಆದರೆ ಬಚ್ಚಲು ಇದ್ದದ್ದು ಮನೆಯ ಇನ್ನೊಂದು ತುದಿಯಲ್ಲಿ. ಬಿಸಿನೀರು ಬರುವಷ್ಟರಲ್ಲಿ ಒಂದೂವರೆ ಬಕೆಟ್ ತಣ್ಣೀರು ಸುಮ್ನೆ ಹರಿದುಹೋಗುತ್ತಿತ್ತು. ಬೇಸರವಾಗಿ ಅಮ್ಮ ಗೀಸರ್ ಹಾಕಿಕೊಳ್ಳುತ್ತಿದ್ದರು. ಹೊಸ ಬಚ್ಚಲನ್ನು ಟ್ಯಾಂಕಿನ ಕೆಳಗೇ ತಂದೆ. ಗೀಸರ್ ಸ್ವಿಚ್ಚು ಈಗ ಮಳೆಗಾಲದಲ್ಲಿ ಮಾತ್ರ ಬೇಕು.

ಎರಡು ಮನೆಯ ನಡುವಿನ ಬಾಗಿಲನ್ನು ಮುಚ್ಚಿಸುವಾಗ ಮೇಲಿನ ಗೋಡೆಯ ಭಾರ ಹೊರುವ ಲಿಂಟಲ್ ತೊಲೆಯನ್ನು ತೆಗೆಸಲಿಲ್ಲ. ಇಟ್ಟಿಗೆಗಳನ್ನು ಸಿಮೆಂಟಿನ ಬದಲು ಸುಣ್ಣದ ಗಾರೆಯಲ್ಲಿ ಕಟ್ಟಿಸಿದೆ, ಮುಂದೆ ಒಡೆಯದೆ ಬಿಚ್ಚಿಕೊಳ್ಳಬಹುದು. ನಾಳೆ ಅಮ್ಮನಿಗೆ ರಾತ್ರಿ ಜೊತೆಗೆ ಯಾರಾದರೂ ಬೇಕಾಗಬಹುದು. ನಾನೂ ನನ್ನ ಹೆಂಡತಿಯೂ ಆ 8 ಚದರಕ್ಕೆ ಬರಬಹುದು. ಆಗ ಅದು ಮತ್ತೆ ಒಂದೇ ಮನೆ. ಸದ್ಯಕ್ಕೆ ಅಲ್ಲಿ ಒಂದು ಚಿಕ್ಕ ಸಂಸಾರ ಬಾಡಿಗೆಗಿದೆ.

ಪಶ್ಚಿಮದ ಗೋಡೆಯ ಕೆಲಸ ಇನ್ನೂ ಬಾಕಿ. ಬೀರುಗಳು ಒಂದಿಷ್ಟು ಬಿಸಿ ತಡೆಯುತ್ತವೆ, ಪೂರ್ತಿ ಅಲ್ಲ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ತಂತಿ ಕಟ್ಟಿಸಿದ್ದೇನೆ. ಅಮ್ಮ ಅದರ ಬುಡಕ್ಕೆ ತೊಂಡೆ ಬಳ್ಳಿ ನೆಟ್ಟಿದ್ದಾರೆ. ಈಗ ಸೊಂಟದೆತ್ತರಕ್ಕೆ ಬಂದಿದೆ.